ತೋಟದಲ್ಲಿ ಸಿಕ್ಕ ಗಿಳಿಮರಿಯನ್ನು ಮನೆಯಲ್ಲಿ ಸಾಕಬಹುದೇ?

ಸಾಕಬಾರದು. ಶಿರಸಿ ಕಡೆಯ ತೋಟದ ಮನೆಗಳಲ್ಲಿ ಜಗಲಿಗೆ ಗಿಳಿಯ ಪಂಜರ ತೂಗುಹಾಕುವುದು ಹಳೆಯ ರೂಢಿ. ಪ್ರೀತಿಯಿಂದಲೇ ಸಾಕುತ್ತಾರೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ನಮ್ಮ ಕಾಡಿನ ಗಿಳಿಗಳನ್ನು ಹಿಡಿಯುವುದು, ಸಾಕುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಕಾನೂನು ಇಲ್ಲದಿದ್ದರೂ ನನ್ನ ಉತ್ತರ ಇದೇ. ಗಿಳಿ ಗುಂಪಿನ ಜೀವಿ. ಬೆಳಗಾದರೆ ಕಿರುಚುತ್ತ ಹಿಂಡಾಗಿ ಮೇವಿಗೆ ಹಾರುತ್ತದೆ. ಪಂಜರದಲ್ಲಿ ಅದು ಕೋಲಿನ ಮೇಲೆ ಎರಡು ಹೆಜ್ಜೆ ಅತ್ತ, ಎರಡು ಹೆಜ್ಜೆ ಇತ್ತ ನಡೆಯುತ್ತದೆ. ಬೇಸರಕ್ಕೆ ತನ್ನ ಎದೆಯ ಪುಕ್ಕವನ್ನೇ ಕಿತ್ತುಕೊಳ್ಳುವುದೂ ಉಂಟು. ಅದು ಮಾತು ಕಲಿತರೆ ಸುಖವಾಗಿದೆ ಎಂದು ನಾವು ತಿಳಿಯುತ್ತೇವೆ. ಜೊತೆಗಾರರಿಲ್ಲದ ಹಕ್ಕಿ ಮನೆಯವರನ್ನೇ ತನ್ನ ಹಿಂಡು ಮಾಡಿಕೊಂಡು ಅವರ ದನಿಯನ್ನು ಅನುಕರಿಸುತ್ತದೆ, ಅಷ್ಟೆ.

ನೆಲಕ್ಕೆ ಬಿದ್ದ ಮರಿಯೆಲ್ಲ ಅನಾಥವಲ್ಲ. ಪುಕ್ಕ ಮೂಡಿದ್ದರೆ ಹಾರಲು ಕಲಿಯುತ್ತಿರಬಹುದು. ಬೆಕ್ಕು, ನಾಯಿಗೆ ಎಟುಕದ ಕೊಂಬೆಗೆ ಏರಿಸಿ ದೂರ ನಿಂತು ನೋಡಿ. ಪುಕ್ಕವಿಲ್ಲದ ಮರಿಯಾದರೆ, ಸಾಧ್ಯವಿದ್ದರೆ, ಪೊಟರೆಗೇ ಮರಳಿಸಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬುದು ಬರೀ ನಂಬಿಕೆ. ಗಾಯವಾಗಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅರಣ್ಯ ಇಲಾಖೆಯ ವಲಯ ಕಚೇರಿಗೆ ತಿಳಿಸಿ. ಬಾಯಿಗೆ ನೀರು ಸುರಿಯಬೇಡಿ, ಶ್ವಾಸನಾಳಕ್ಕೆ ಇಳಿದು ಮರಿ ಸತ್ತೀತು.

ಈಗಾಗಲೇ ಪಂಜರದಲ್ಲಿ ಬೆಳೆದ ಗಿಳಿ ಇದ್ದರೆ ಅದನ್ನು ಏಕಾಏಕಿ ಹಾರಿಬಿಡಬೇಡಿ. ರೆಕ್ಕೆಯಲ್ಲಿ ಕಸುವಿರುವುದಿಲ್ಲ, ಗಿಡುಗವನ್ನು ಕಂಡು ಅಡಗುವುದೂ ಗೊತ್ತಿರುವುದಿಲ್ಲ. ಅದನ್ನೂ ಇಲಾಖೆಗೇ ಒಪ್ಪಿಸಿ.