ಮೆಣಸಿನಕಾಯಿ ತಾಗಿದ ಹಾಗೆ ಮುಖ ಉರಿಯುತ್ತಿದೆ, ಏನು ಹಚ್ಚಲಿ?

ಪ್ರಶ್ನೆ: ನನಗೆ 26 ವರ್ಷ. ಮೊಡವೆ ಕಲೆ ಹೋಗಲಿ ಅಂತ ರೆಟಿನಾಲ್ ಸೀರಮ್ ಶುರು ಮಾಡಿದೆ. ಒಂದು ವಾರ ಕಳೆದರೂ ವ್ಯತ್ಯಾಸ ಕಾಣಲಿಲ್ಲ. ಗ್ಲೈಕೋಲಿಕ್ ಆಸಿಡ್ ಟೋನರ್ ಸೇರಿಸಿದೆ, ಆಮೇಲೆ ಬೆಳಗಿನ ಹೊತ್ತು ವಿಟಮಿನ್ ಸಿ. ಈಗ ಹತ್ತು ದಿನದಿಂದ ಮುಖ ಕೆಂಪಗಿದೆ. ಮೂಗಿನ ಪಕ್ಕ, ತುಟಿಯ ಅಂಚಿನಲ್ಲಿ ಸಿಪ್ಪೆ ಏಳುತ್ತಿದೆ. ಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಮುಖ ಮುಟ್ಟಿಕೊಂಡ ಹಾಗೆ ಉರಿ. ಎರಡು ವರ್ಷದಿಂದ ಹಚ್ಚುತ್ತಿದ್ದ ಮಾಯಿಶ್ಚರೈಸರ್ ಕೂಡ ಉರಿಯುತ್ತದೆ, ಬೆಚ್ಚಗಿನ ನೀರು ಬಿದ್ದರೂ ಚುರುಚುರು ಅನ್ನುತ್ತದೆ. ಚರ್ಮ ತಣ್ಣಗಾಗಲು ಒಳ್ಳೆಯದು ಅಂತ ಗೆಳತಿ ಇನ್ನೊಂದು ಸೀರಮ್ ಹೇಳಿದ್ದಾಳೆ. ತಗೊಳ್ಳಲಾ ಡಾಕ್ಟ್ರೇ?

ಉತ್ತರ: ಬೇಡ. ಗೆಳತಿ ಹೇಳಿದ್ದು ಒಳ್ಳೆಯ ಸೀರಮ್ಮೇ ಇರಬಹುದು. ಆದರೆ ಒಂದರ ಮೇಲೊಂದು ಸೇರಿಸಿದ್ದರಿಂದಲೇ ನಿಮ್ಮ ಮುಖಕ್ಕೆ ಈ ಗತಿ ಬಂದಿದೆ. ನಾಲ್ಕನೆಯದು ಬಂದು ಮೂರರ ತಪ್ಪನ್ನು ಸರಿಮಾಡುವುದಿಲ್ಲ.

ಮೆಣಸಿನಕಾಯಿ ಅಂದಿರಲ್ಲ, ಅದು ಬರೀ ಹೋಲಿಕೆ ಅಲ್ಲ. ಚರ್ಮದ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಅಂತ ಒಂದು ಪುಟ್ಟ ಬಾಗಿಲಿದೆ. ಮೆಣಸಿನಕಾಯಿಯ ಖಾರ ತೆರೆಯುವುದು ಇದೇ ಬಾಗಿಲನ್ನು. 1997ರಲ್ಲಿ ಇದನ್ನು ಪತ್ತೆ ಮಾಡಿದ್ದು ಡೇವಿಡ್ ಜೂಲಿಯಸ್ ಅವರ ತಂಡ. ಈ ಕೆಲಸಕ್ಕೆ ಅವರಿಗೆ 2021ರ ವೈದ್ಯಕೀಯ ನೊಬೆಲ್ ಬಂತು. ಈ ಬಾಗಿಲು ಖಾರಕ್ಕೆ ಮಾತ್ರ ತೆರೆಯುವುದಿಲ್ಲ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೂ ತೆರೆಯುತ್ತದೆ, ಆಸಿಡ್‌ಗೂ ತೆರೆಯುತ್ತದೆ. ರೆಟಿನಾಲ್ ಜಾತಿಯ ವಸ್ತುಗಳೂ ಇದನ್ನು ಕೆಣಕುತ್ತವೆ. ಇನ್ನು ಚರ್ಮ ಕೆರಳಿದ್ದಾಗ ಬಾಗಿಲಿನ ಚಿಲಕವೇ ಸಡಿಲ. ಆಗ 43 ಡಿಗ್ರಿ ಬೇಕಾಗಿಲ್ಲ, ಬೆಚ್ಚಗಿನ ನೀರೇ ಸಾಕು. ನಿಮಗೆ ಆಗುತ್ತಿರುವುದು ಅದೇ.

ಆ ನರದ ತುದಿಗೆ ಇದೆಲ್ಲ ಮುಟ್ಟಿದ್ದು ಹೇಗೆ? ಚರ್ಮದ ಮೇಲೆ 15ರಿಂದ 20 ಸಾಲು ಸತ್ತ ಜೀವಕೋಶಗಳ ಒಂದು ಪದರ ಇರುತ್ತದೆ. ಎಲ್ಲ ಸೇರಿದರೂ ದಪ್ಪ ಒಂದು ಮಿಲಿಮೀಟರಿನ 50ನೇ ಒಂದು ಭಾಗದ ಆಸುಪಾಸು. ಸಾಲುಗಳ ಮಧ್ಯೆ ಜಿಡ್ಡು ಮೆತ್ತಿಕೊಂಡಿರುತ್ತದೆ. ಅದರಲ್ಲಿ ಸುಮಾರು ಅರ್ಧ ಸೆರಮೈಡ್ ಅನ್ನುವ ಜಿಡ್ಡು, ಕಾಲು ಭಾಗ ಕೊಲೆಸ್ಟ್ರಾಲ್, ಉಳಿದದ್ದು ಮುಖ್ಯವಾಗಿ ಕೊಬ್ಬಿನ ಆಮ್ಲಗಳು. ಒಳಗಿನ ನೀರು ಆರದಂತೆ, ಹೊರಗಿನದು ನುಗ್ಗದಂತೆ ಕಾಯುವುದು ಇದೇ ಜಿಡ್ಡು. ಗ್ಲೈಕೋಲಿಕ್ ಆಸಿಡ್ ಈ ಸಾಲುಗಳನ್ನು ಬಿಡಿಸುತ್ತದೆ. ರೆಟಿನಾಲ್ ಕೆಳಗಿನಿಂದ ಹೊಸ ಕೋಶಗಳನ್ನು ಬೇಗ ಬೇಗ ಮೇಲಕ್ಕೆ ತಳ್ಳುತ್ತದೆ. ನೊರೆ ನೊರೆ ಬರುವ ಫೇಸ್ ವಾಶ್ ಇದ್ದರೆ ಜಿಡ್ಡನ್ನೂ ತೊಳೆದು ಹಾಕುತ್ತದೆ. ಒಂದೊಂದಾಗಿ, ನಿಧಾನವಾಗಿ ಬಂದಿದ್ದರೆ ಚರ್ಮ ಹೊಂದಿಕೊಳ್ಳುತ್ತಿತ್ತೋ ಏನೋ. ನೀವು ಎಲ್ಲವನ್ನೂ ಒಟ್ಟಿಗೆ ಹಚ್ಚಿದಿರಿ. ಹಳೆಯ ಮಾಯಿಶ್ಚರೈಸರ್ ಉರಿಯುತ್ತದೆ ಅಂದರೆ ಅದು ಕೆಟ್ಟಿದೆ ಅಂತಲೋ, ನಿಮಗೆ ಅದರ ಅಲರ್ಜಿ ಶುರುವಾಗಿದೆ ಅಂತಲೋ ಅಂದುಕೊಳ್ಳಬೇಡಿ. ಮೊದಲು ಮೇಲೇ ನಿಲ್ಲುತ್ತಿದ್ದದ್ದು ಈಗ ಸಂದಿಯಲ್ಲಿ ಇಳಿಯುತ್ತಿದೆ, ಅಷ್ಟೇ.

ಇವತ್ತು ರಾತ್ರಿಯಿಂದಲೇ ಮೂರನ್ನೂ ನಿಲ್ಲಿಸಿ. ಸ್ಕ್ರಬ್, ಶೀಟ್ ಮಾಸ್ಕ್, ಮುಖ ಉಜ್ಜುವ ಬ್ರಶ್, ಸ್ಯಾಲಿಸಿಲಿಕ್ ಆಸಿಡ್ ಅಥವಾ ಬೆಂಜಾಯಿಲ್ ಪೆರಾಕ್ಸೈಡ್ ಇರುವ ಫೇಸ್ ವಾಶ್ ಇದ್ದರೆ ಅವೂ ಬೇಡ. ಡಾಕ್ಟರು ಬರೆದುಕೊಟ್ಟ ಕ್ರೀಮ್ ಯಾವುದಾದರೂ ಇದ್ದರೆ ಅವರಿಗೊಂದು ಫೋನ್ ಮಾಡಿ ಕೇಳಿ.

ಬೆಳಿಗ್ಗೆ ಬರೀ ತಣ್ಣೀರು ಸಾಕು. ರಾತ್ರಿ ಮಾತ್ರ ನೊರೆ ಬಾರದ, ಪರಿಮಳ ಇಲ್ಲದ ಕ್ಲೆನ್ಸರ್. ಸೋಪು ಬೇಡವೇ ಬೇಡ. ಪಿಎಚ್ ಅಂದರೆ ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಚರ್ಮದ ಪಿಎಚ್ ಸುಮಾರು 5, ಸಾಮಾನ್ಯ ಸೋಪಿನದು 9ರಿಂದ 10. ಗಟ್ಟಿ ಚರ್ಮವಾದರೆ ತಡೆದುಕೊಳ್ಳುತ್ತದೆ, ನಿಮ್ಮದಕ್ಕೆ ಈಗ ಆ ತಾಕತ್ತಿಲ್ಲ. ಟವೆಲ್‌ನಲ್ಲಿ ಉಜ್ಜದೆ ಒತ್ತಿ ಒರೆಸಿ. ಪೂರ್ತಿ ಆರುವ ಮೊದಲೇ, ಮುಖ ಇನ್ನೂ ಪಸೆ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಗ್ಲಿಸರಿನ್, ಸೆರಮೈಡ್, ಪ್ಯಾಂಥೆನಾಲ್ ಇರುವಂಥದ್ದು ಸಾಕು. ಪಟ್ಟಿ ಉದ್ದ ಇದ್ದಷ್ಟೂ ಅನುಮಾನ ಪಡಿ. ಯೂರಿಯಾ, ಲ್ಯಾಕ್ಟಿಕ್ ಆಸಿಡ್ ಇದ್ದರೆ ಸದ್ಯ ಬೇಡ, ಸುಲಿದ ಚರ್ಮಕ್ಕೆ ಅವು ಉರಿ. ನಯಾಸಿನಮೈಡ್ ಒಳ್ಳೆಯದೇ, ಆದರೆ 10 ಪರ್ಸೆಂಟ್ ಸೀರಮ್ ಹಚ್ಚುವ ಸಮಯ ಇದಲ್ಲ.

ಮಾಯಿಶ್ಚರೈಸರೂ ಉರಿದರೆ? ಪೆಟ್ರೋಲಿಯಂ ಜೆಲ್ಲಿ. ನಗಬೇಡಿ. 1872ರಲ್ಲಿ ಪೇಟೆಂಟ್ ಆದ ವಸ್ತು, ಇವತ್ತಿಗೂ ಚರ್ಮದಿಂದ ನೀರು ಆರುವುದನ್ನು ತಡೆಯುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಅದರಲ್ಲಿ ನೀರಿಲ್ಲ, ಹಾಗಾಗಿ ಕೆಡದಂತೆ ಇಡುವ ರಾಸಾಯನಿಕವೂ ಬೇಕಾಗಿಲ್ಲ. ಪರಿಮಳ ಹಾಕದ ಡಬ್ಬಿ ಆರಿಸಿಕೊಂಡರೆ ಉರಿಸುವಂಥದ್ದು ಅದರಲ್ಲಿ ಏನೂ ಇರುವುದಿಲ್ಲ ಅನ್ನಬಹುದು. ಕಡಲೆಕಾಳಿಗಿಂತ ಕಡಿಮೆ ತೆಗೆದುಕೊಳ್ಳಿ. ಎರಡು ಬೆರಳ ತುದಿಯ ಮಧ್ಯೆ ಕರಗುವ ತನಕ ತಿಕ್ಕಿ. ಆಮೇಲೆ ಮೂಗಿನ ಪಕ್ಕ, ತುಟಿಯ ಅಂಚಿಗೆ ಬೆರಳನ್ನು ಒತ್ತಿ ಒತ್ತಿ ತೆಗೆಯಿರಿ, ಎಳೆದು ಹಚ್ಚಬೇಡಿ. ನಿಮಗೆ ಮೊಡವೆ ಇದೆ, ಆದ್ದರಿಂದ ಮುಖದ ತುಂಬ ಮೆತ್ತುವುದು ಬೇಡ. ಸಿಪ್ಪೆ ಎದ್ದ ಕಡೆ ಮಾತ್ರ.

ಆ ಸಿಪ್ಪೆಯನ್ನು ಕೀಳಬೇಡಿ ಅಂದರೆ ಯಾರೂ ಕೇಳುವುದಿಲ್ಲ. ಒಂದು ತುದಿ ಎದ್ದು ನಿಂತಿರುತ್ತದೆ, ಕೈ ತಾನಾಗೇ ಹೋಗುತ್ತದೆ. ಎಳೆದಾಗ ಅರ್ಧ ದೂರ ಸುಲಭವಾಗಿ ಬರುತ್ತದೆ, ಇನ್ನರ್ಧ ಜೀವ ಇರುವ ಚರ್ಮವನ್ನೂ ಕಿತ್ತುಕೊಂಡು ಬರುತ್ತದೆ. ಕೆಳಗೆ ಒದ್ದೆ ಒದ್ದೆ ಗುಲಾಬಿ ಬಣ್ಣ. ಕಲೆ ಹೋಗಲಿ ಅಂತ ಹೊರಟಿದ್ದಿರಿ ಅಲ್ವಾ, ಹೊಸ ಕಲೆ ಕೂರುವುದು ಅಲ್ಲಿಯೇ. ಜೆಲ್ಲಿ ಹಚ್ಚಿ ಮೆತ್ತಗಾಗಲು ಬಿಡಿ, ಅದೇ ಉದುರುತ್ತದೆ.

ಉರಿ ಜೋರಾದಾಗ ಶುಭ್ರವಾದ ಹತ್ತಿಬಟ್ಟೆಯನ್ನು ತಣ್ಣೀರಿನಲ್ಲಿ ಹಿಂಡಿ ಐದು-ಹತ್ತು ನಿಮಿಷ ಮುಖದ ಮೇಲೆ ಇಡಿ. ತಂಪಿಗೆ ಆ ನರಗಳು ಸುಮ್ಮನಾಗುತ್ತವೆ. ಐಸ್ ಗಡ್ಡೆ ಉಜ್ಜಬೇಡಿ, ಅದೂ ಒಂದು ಗಾಯವೇ. ಬಟ್ಟೆ ತೆಗೆದ ತಕ್ಷಣ ಮಾಯಿಶ್ಚರೈಸರ್, ಇಲ್ಲದಿದ್ದರೆ ಆರುವಾಗ ಇನ್ನಷ್ಟು ಬಿಗಿಯುತ್ತದೆ.

ಬಿಸಿಲಿಗೆ ಹೋಗುವುದಾದರೆ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್. ಗ್ಲೈಕೋಲಿಕ್ ಆಸಿಡ್ ಬಿಟ್ಟ ಮೇಲೂ ಒಂದು ವಾರ ಚರ್ಮಕ್ಕೆ ಬಿಸಿಲು ಜಾಸ್ತಿ ತಾಗುತ್ತದೆ. ಸನ್‌ಸ್ಕ್ರೀನೂ ಉರಿದರೆ ನಾಲ್ಕು ದಿನ ಟೋಪಿ, ಕೊಡೆ, ನೆರಳು.

ಈಗ ಕಷ್ಟದ ಭಾಗ. ಸಾಮಾನ್ಯವಾಗಿ ಮೂರು-ನಾಲ್ಕು ದಿನಕ್ಕೆ ಉರಿ ಇಳಿಯುತ್ತದೆ. ಕನ್ನಡಿಯಲ್ಲಿ ಮುಖ ಹೊಳೆಯುತ್ತಿರುವ ಹಾಗೆ ಕಾಣುತ್ತದೆ. "ಅರೆ, ಗ್ಲೋ ಬಂತು!" ಅಂತ ಜನ ಮತ್ತೆ ಬಾಟಲಿ ಕೈಗೆತ್ತಿಕೊಳ್ಳುತ್ತಾರೆ. ನಕ್ಕು ನೋಡಿ. ಕೆನ್ನೆಯ ಮೇಲೆ ಸಣ್ಣ ಸಣ್ಣ ಗೆರೆ ಬಿದ್ದು ಚರ್ಮ ಪ್ಲಾಸ್ಟಿಕ್ ಹಾಳೆಯ ಹಾಗೆ ಬಿಗಿದರೆ ಅದು ಗ್ಲೋ ಅಲ್ಲ, ಒಣಗಿದ ಹೊಳಪು. ಕೆಂಪು ಇಳಿಯಲು ಒಂದೆರಡು ವಾರ ಬೇಕು. ಚರ್ಮದ ಹೊಸ ಕೋಶ ಕೆಳಗೆ ಹುಟ್ಟಿ, ಮೇಲೆ ಬಂದು, ಉದುರಿ ಹೋಗಲು ಸುಮಾರು ನಾಲ್ಕು ವಾರ ಹಿಡಿಯುತ್ತದೆ. ವಯಸ್ಸಾದಂತೆ ಇನ್ನೂ ಜಾಸ್ತಿ. ಅಷ್ಟು ದಿನ ಕೈ ಕಟ್ಟಿ ಕೂರುವುದು ದುಬಾರಿ ಸೀರಮ್‌ಗಿಂತ ಕಷ್ಟ ಅಂತ ನನಗೆ ಗೊತ್ತು.

ಪೂರ್ತಿ ಎರಡು ವಾರ ಯಾವ ಉರಿಯೂ ಇಲ್ಲದೆ ಕಳೆದ ಮೇಲೆ ಬೇಕಿದ್ದರೆ ರೆಟಿನಾಲ್ ಒಂದನ್ನೇ ಮತ್ತೆ ಶುರು ಮಾಡಿ. ವಾರಕ್ಕೆ ಎರಡು ರಾತ್ರಿ, ಮುಖ ಒಣಗಿದ ಮೇಲೆ, ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಒಂದು ಬಟಾಣಿಯಷ್ಟು. ಕಲೆಯಲ್ಲಿ ವ್ಯತ್ಯಾಸ ಕಾಣಲು 12 ವಾರ ಬೇಕಾಗಬಹುದು. ನೀವು ಒಂದೇ ವಾರಕ್ಕೆ ತೀರ್ಪು ಕೊಟ್ಟಿರಿ. ಮಗುವಿಗೆ ಹಾಲೂಡಿಸುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಅಥವಾ ಆಗುವ ಯೋಚನೆ ಇದ್ದರೆ ಡಾಕ್ಟರನ್ನು ಕೇಳದೆ ರೆಟಿನಾಲ್ ಮುಟ್ಟಬೇಡಿ.

ನೀರು ಒಸರುವುದು, ಹಳದಿ ಹಕ್ಕಳೆ ಕಟ್ಟುವುದು, ಗುಳ್ಳೆ ಏಳುವುದು, ಜ್ವರ, ಕಣ್ಣಿನಲ್ಲಿ ನೋವು ಇದ್ದರೆ ಮನೆಯಲ್ಲಿ ಕಾಯಬೇಡಿ. ಎರಡು ವಾರವಾದರೂ ಇಳಿಯದಿದ್ದರೂ ತೋರಿಸಿ.

ಪ್ರಶ್ನೆ: ವಯಸ್ಸು 43. ಹೊಸದಾಗಿ ತಂದ ಕ್ರೀಮ್ ಹಚ್ಚಿ ಎರಡು ದಿನದ ಮೇಲೆ ಕಣ್ಣಿನ ರೆಪ್ಪೆ ಊದಿಕೊಂಡವು. ಉರಿಗಿಂತ ತುರಿಕೆ ಜಾಸ್ತಿ. ಕ್ರೀಮ್ ತಾಗದ ಕುತ್ತಿಗೆಗೂ ಹಬ್ಬಿದೆ. ಡಬ್ಬಿ ಮೇಲೆ 'ನ್ಯಾಚುರಲ್' ಅಂತ ದೊಡ್ಡದಾಗಿ ಬರೆದಿತ್ತು!

ಉತ್ತರ: ಮೊದಲನೆಯವರದ್ದು ಕೆರಳಿಕೆ, ನಿಮ್ಮದು ಅಲರ್ಜಿ ಇರುವ ಹಾಗಿದೆ. ಕೆರಳಿಕೆ ಹಚ್ಚಿದ ಜಾಗದಲ್ಲೇ ಇರುತ್ತದೆ, ಹೆಚ್ಚಾಗಿ ಉರಿ. ಅಲರ್ಜಿ ಒಂದೆರಡು ದಿನ ತಡವಾಗಿ ಬರುತ್ತದೆ, ತುರಿಸುತ್ತದೆ, ಗಡಿ ದಾಟಿ ಹೋಗುತ್ತದೆ. ಕೆರಳಿಕೆಗೆ ಪ್ರಮಾಣ ಕಡಿಮೆ ಮಾಡಿದರೆ ನಡೆಯುತ್ತದೆ. ಅಲರ್ಜಿಗೆ ಆ ವಸ್ತುವನ್ನು ಜೀವನಪೂರ್ತಿ ಬಿಡಬೇಕಾಗಬಹುದು, ಆದ್ದರಿಂದ ಅದು ಯಾವುದು ಅಂತ ಗೊತ್ತಾಗಲೇಬೇಕು.

'ನ್ಯಾಚುರಲ್' ಅನ್ನೋ ಮಾತಿಗೆ ಚರ್ಮ ಬೆಲೆ ಕೊಡುವುದಿಲ್ಲ. ಗಿಡದ ಸುವಾಸನೆ ಎಣ್ಣೆಗಳಲ್ಲಿರುವ ಲಿನಲೂಲ್, ಲಿಮೊನೀನ್ ಗಾಳಿಗೆ ತೆರೆದುಕೊಂಡು ಹಳತಾದಷ್ಟೂ ಅಲರ್ಜಿ ತರುವ ಸಾಧ್ಯತೆ ಜಾಸ್ತಿ. ಇನ್ನೊಂದು ಮೋಸ ಡಬ್ಬಿಯ ಭಾಷೆಯಲ್ಲೇ ಇದೆ. 'ಅನ್‌ಸೆಂಟೆಡ್' ಅಂದರೆ ವಾಸನೆ ಬರುವುದಿಲ್ಲ ಅಂತ ಮಾತ್ರ. ವಾಸನೆ ಮುಚ್ಚಲು ಇನ್ನೊಂದು ಪರಿಮಳ ಹಾಕಿರಬಹುದು. ನಿಮಗೆ ಬೇಕಾದ್ದು 'ಫ್ರಾಗ್ರೆನ್ಸ್ ಫ್ರೀ'.

ಆದರೆ ಕ್ರೀಮ್ ಒಂದನ್ನೇ ಕಟಕಟೆಗೆ ನಿಲ್ಲಿಸಬೇಡಿ. ರೆಪ್ಪೆಯ ಚರ್ಮ ತೀರಾ ತೆಳು. ತಲೆಗೆ ಹಚ್ಚಿದ ಹೇರ್ ಡೈ, ಉಗುರಿಗೆ ಹಾಕಿದ ಪಾಲಿಶ್ ಕೂಡ ರೆಪ್ಪೆಯಲ್ಲಿ ಬಂದು ಕಾಣಿಸಿಕೊಳ್ಳುತ್ತವೆ. ಆ ವಾರ ಡೈ ಹಚ್ಚಿದ್ದಿರಾ, ನೆನಪು ಮಾಡಿಕೊಳ್ಳಿ. ಚರ್ಮದ ಡಾಕ್ಟರ ಹತ್ತಿರ ಹೋಗುವಾಗ ಎಲ್ಲ ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಪ್ಯಾಚ್ ಟೆಸ್ಟ್ ಮಾಡುತ್ತಾರೆ. ಅನುಮಾನದ ವಸ್ತುಗಳಿರುವ ಸಣ್ಣ ಸಣ್ಣ ಪಟ್ಟಿ ಬೆನ್ನಿಗೆ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡಿ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಮುಂದೆ ಹೊಸ ಕ್ರೀಮ್ ತಂದಾಗ ಮೊಣಕೈಯ ಒಳಬದಿಗೆ ದಿನಕ್ಕೆ ಎರಡು ಸಲ, 7ರಿಂದ 10 ದಿನ ಹಚ್ಚಿ ನೋಡಿ. ಒಂದು ದಿನ ಹಚ್ಚಿ "ಏನೂ ಆಗಲಿಲ್ಲ" ಅಂದರೆ ಅದು ಪರೀಕ್ಷೆಯೇ ಅಲ್ಲ. ಮುಖ ಪೂರ್ತಿ ಊದಿದರೆ, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಿ.

ಪ್ರಶ್ನೆ: ಪರಿಚಯದವರು ಕೊಟ್ಟ ಬಿಳುಪಿನ ಕ್ರೀಮ್ ಎಂಟು ತಿಂಗಳಿಂದ ಹಚ್ಚುತ್ತಿದ್ದೇನೆ. ಹಚ್ಚಿದರೆ ಮುಖ ಚೆನ್ನಾಗಿರುತ್ತದೆ. ಎರಡು ದಿನ ಬಿಟ್ಟರೆ ಕೆಂಪು, ಉರಿ, ಗುಳ್ಳೆ. ಕ್ರೀಮ್ ಒಳ್ಳೆಯದು ಅಂತ ತಾನೇ ಅರ್ಥ?

ಉತ್ತರ: ಉಲ್ಟಾ. ಹಚ್ಚಿದರೆ ತಣ್ಣಗೆ, ಬಿಟ್ಟರೆ ಬೆಂಕಿ ಅಂದಾಗ ನನಗೆ ಮೊದಲು ಬರುವ ಅನುಮಾನ ಸ್ಟೀರಾಯ್ಡ್. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಅಂತ ಇದೆಯಾ ನೋಡಿ. ಹೆಸರೇ ಇಲ್ಲದ ಡಬ್ಬಿಯಾದರೆ ಇನ್ನೂ ಭಯ. ಸ್ಟೀರಾಯ್ಡ್ ಕೆಟ್ಟ ಔಷಧಿ ಏನಲ್ಲ, ಡಾಕ್ಟರು ಹೇಳಿದಷ್ಟು ದಿನ ಹಚ್ಚಿದರೆ ಕೆಲಸಕ್ಕೆ ಬರುತ್ತದೆ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ, ಬಾಯಿಯ ಸುತ್ತ ಸಣ್ಣ ಸಣ್ಣ ಗುಳ್ಳೆಗಳು ಬರುತ್ತವೆ.

ಮೊದಲ ಪ್ರಶ್ನೆಯವರಿಗೆ "ಎಲ್ಲ ಬಿಡಿ" ಅಂದೆ. ನೀವು ಅದನ್ನು ಓದಿ ಸುಮ್ನೆ ಬಿಟ್ಟುಬಿಡಬೇಡಿ. ಇದು ಒಮ್ಮೆಲೇ ನಿಂತರೆ ಮುಖ ವಾರಗಟ್ಟಲೆ ಉರಿಯಬಹುದು, ತಡೆಯಲಾಗದೆ ಮತ್ತೆ ಅದನ್ನೇ ಹಚ್ಚುತ್ತೀರಿ. ಹೇಗೆ ಇಳಿಸಬೇಕು, ಮಧ್ಯೆ ಏನು ಕೊಡಬೇಕು ಅಂತ ಡಾಕ್ಟರು ನೋಡಿ ಹೇಳಬೇಕು. ನಾಚಿಕೊಂಡು ಟ್ಯೂಬನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ, ಅರ್ಧ ರೋಗ ಪತ್ತೆಯಾಗುವುದೇ ಅದರಿಂದ.

ಪ್ರಶ್ನೆ: ನನ್ನದು ಕಪ್ಪು ಬಣ್ಣ. ಸ್ಕ್ರಬ್ ಉಜ್ಜಿ ಉಜ್ಜಿ ಮುಖ ಉರಿಯಿತು. ಕೆಂಪೇನೂ ಆಗಲಿಲ್ಲ, ಈಗ ಕೆನ್ನೆ ಮಾತ್ರ ಇನ್ನಷ್ಟು ಕಪ್ಪಾಗಿದೆ. ನಿಂಬೆರಸ ಹಚ್ಚಿದರೆ ಹೋಗುತ್ತದಾ?

ಉತ್ತರ: ಕೆಂಪಾಗಿತ್ತು, ನಿಮ್ಮ ಬಣ್ಣದಲ್ಲಿ ಅದು ಕಾಣಲಿಲ್ಲ. ಕಪ್ಪು ಚರ್ಮದಲ್ಲಿ ಕೆರಳಿಕೆ ಕಂದು ಅಥವಾ ನೇರಳೆ ಛಾಯೆಯಲ್ಲಿ ಬರುತ್ತದೆ, ಎಷ್ಟೋ ಸಲ ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ. ಬೆರಳಿನ ಹಿಂಬದಿಯನ್ನು ಕೆನ್ನೆಗೆ ಇಟ್ಟು ನೋಡಿ, ಹಣೆಗಿಂತ ಬಿಸಿ ಇದ್ದರೆ ಕೆರಳಿಕೆ ಇನ್ನೂ ಆರಿಲ್ಲ ಅಂತ ಲೆಕ್ಕ. ಈಗ ಉಳಿದಿರುವ ಕಪ್ಪು ಆ ಕೆರಳಿಕೆ ಬಿಟ್ಟುಹೋದ ಕಲೆ. ಅದು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ, ಉಜ್ಜಿದಷ್ಟೂ ಹೆಚ್ಚುತ್ತದೆ. ನಿಂಬೆರಸದ ಪಿಎಚ್ 2ರ ಹತ್ತಿರ, ಸುಲಿದ ಕೆನ್ನೆಗೆ ಅದು ಶುದ್ಧ ಆಸಿಡ್ಡೇ. ಮೇಲಾಗಿ ನಿಂಬೆ ಜಾತಿಯ ಹಣ್ಣಿನ ರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಹೊಸ ಕಪ್ಪು ಪಟ್ಟೆ ಬೀಳಬಹುದು. ಅಡುಗೆ ಸೋಡಾ, ಟೂತ್‌ಪೇಸ್ಟ್ ಸಹ ಬೇಡ, ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ.

ಸ್ಕ್ರಬ್ ಬಿಡಿ, ಮಾಯಿಶ್ಚರೈಸರ್ ಹಚ್ಚಿ, ಸನ್‌ಸ್ಕ್ರೀನ್ ಒಂದು ದಿನವೂ ತಪ್ಪಿಸಬೇಡಿ. ಜಿಂಕ್ ಆಕ್ಸೈಡ್ ಬೆಳ್ಳಗೆ ಬೂದಿ ಬಳಿದ ಹಾಗೆ ಕಂಡರೆ ಬಣ್ಣ ಬೆರೆಸಿದ ಟಿಂಟೆಡ್ ಸನ್‌ಸ್ಕ್ರೀನ್ ತಗೊಳ್ಳಿ. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ಸ್ವಲ್ಪ ತಡೆಯುತ್ತದೆ, ನಿಮ್ಮಂಥ ಕಲೆಗೆ ಅದು ಲಾಭವೇ. ಕಲೆ ತಿಳಿಯಾಗಲು ತಿಂಗಳುಗಳು ಬೇಕು. ತಿಂಗಳಿಗೊಂದು ಫೋಟೋ ತೆಗೆದಿಡಿ, ಅದೇ ಕಿಟಕಿ, ಅದೇ ಹೊತ್ತು. ದಿನಾ ಕನ್ನಡಿ ನೋಡಿದರೆ ಏನೂ ಬದಲಾಗಿಲ್ಲ ಅನ್ನಿಸಿ ಕೈ ಮತ್ತೆ ಸ್ಕ್ರಬ್ ಕಡೆಗೇ ಹೋಗುತ್ತದೆ.