ಅಡ್ವಾನ್ಸಲ್ಲಿ 63,700 ಮುರ್ಕೊಂಡ್ರು, ಬಿಟ್ಬಿಡ್ಲಾ?

(ಬೆಂಗಳೂರು ವಿಜಯನಗರದ ಓದುಗರೊಬ್ಬರ ಪತ್ರ, ಹೆಸರು ಬೇಡ ಅಂದಿದಾರೆ. ಬಾಡಿಗೆ 18,000, ಅಡ್ವಾನ್ಸ್ ಒಂದೂವರೆ ಲಕ್ಷ, ಇದ್ದಿದ್ದು ಎರಡು ವರ್ಷ ಮೂರು ತಿಂಗಳು. ಖಾಲಿ ಮಾಡಿದ್ಮೇಲೆ ಓನರ್ ಮುರ್ಕೊಂಡಿದ್ದು: ಪೇಂಟಿಂಗ್ 34,000, ಕ್ಲೀನಿಂಗ್ 6,000, ಗೀಸರ್ 9,500, ಗೋಡೆ ತೂತು ಹನ್ನೊಂದಕ್ಕೆ 2,200, ಅಡುಗೆಮನೆ ಗ್ರಾನೈಟ್ 12,000. ಕೈಗೆ ಬಂದಿದ್ದು 86,300. "ಹೋದ್ರೆ ಹೋಗ್ಲಿ ಅಂತ ಬಿಡ್ಲಾ, ಪೊಲೀಸ್ ಕಂಪ್ಲೇಂಟ್ ಕೊಡ್ಲಾ?" ಅಂತ ಕೇಳಿದಾರೆ.)

ಮೇಡಂ, ಎರಡೂ ಬೇಡ. ನಿಮ್ಮ ಪತ್ರ ಎರಡು ಸಲ ಓದಿದೆ, ಎರಡನೇ ಸಲ ಕ್ಯಾಲ್ಕುಲೇಟರ್ ಪಕ್ಕದಲ್ಲಿಟ್ಕೊಂಡು.

ಮೊದ್ಲು ನಿಮಗೆ ಇಷ್ಟ ಆಗದ ಮಾತು. ಪತ್ರದ ಕೊನೇಲಿ ಸಣ್ಣಕ್ಷರದಲ್ಲಿ "ಕಟ್ಟೆ ಮೇಲೆ ತೆಂಗಿನಕಾಯಿ ಒಡೆಯುವಾಗ ಬಿರುಕು ಬಿಟ್ಟಿದ್ದು ನಿಜ" ಅಂತ ಬರ್ದಿದೀರಲ್ಲ, ಅದ್ನ ಓನರ್ ಹತ್ರ ನೀವೇ ಮುಂಚೆ ಒಪ್ಕೊಳ್ಳಿ. ನಮ್ಮಮ್ಮನೂ ಮಹಡಿ ಮನೆ ಬಾಡಿಗೆಗೆ ಕೊಟ್ಟಿದಾರೆ, ಓನರ್ ಸಂಕಟ ನನಗೂ ಸ್ವಲ್ಪ ಗೊತ್ತು, ಒಂದು ತಪ್ಪು ನಂದು ಅಂತ ಬಾಡಿಗೆಯವರು ಹೇಳ್ಬಿಟ್ರೆ ಉಳಿದಿದ್ದನ್ನ ಮಾತಾಡೋಕೆ ಓನರ್ರೂ ಕೂತ್ಕೋತಾರೆ. ಆದ್ರೆ ಬಿರುಕು ಬಿಟ್ಟಿದ್ದು ಒಂದು ಚಪ್ಪಡಿ, ಅದೂ ಒಂಬತ್ತು ವರ್ಷ ಹಳೇದು, ಇಡೀ ಕಟ್ಟೆಗೆ ಹೊಸ ಕಲ್ಲು ಹಾಕ್ಸೋ ರೇಟ್ ನಿಮ್ಮ ತಲೆಗೆ ಯಾಕೆ? ಬಿಲ್ ಕೇಳಿ. ನನ್ನ ಅಂದಾಜಲ್ಲಿ ಆರು ಸಾವಿರ ಕೊಟ್ರೆ ಧಾರಾಳ ಆಯ್ತು.

ಈಗ ಪೇಂಟಿಂಗ್, ಜಗಳದ ಬೇರು ಇಲ್ಲೇ ಇರೋದು. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್ಗೆ ಅನ್ನೋದು ಬೆಂಗಳೂರಿನ ಹಳೇ ರೂಢಿ, ಸುಣ್ಣ ಬಳಿದು ಮುಗಿಸ್ತಿದ್ದ ಕಾಲದಲ್ಲಿ ಅದು ಸಾಕಾಗ್ತಿತ್ತು, ಈಗ ಪುಟ್ಟಿ, ಪ್ರೈಮರ್, ಎಮಲ್ಷನ್ ಅಂತ ಖರ್ಚು ಏರಿದೆ, ಸರಿ, ಆದ್ರೆ ನಿಮ್ಮ ಅಗ್ರಿಮೆಂಟಲ್ಲಿ "ಒಂದು ತಿಂಗಳ ಬಾಡಿಗೆ" ಅಂತ ಅವರೇ ಟೈಪ್ ಮಾಡ್ಸಿದಾರೆ. ಅಂದ್ರೆ 18,000. ಅಗ್ರಿಮೆಂಟ್ ಹನ್ನೊಂದು ತಿಂಗಳಿಗೇ ಮುಗೀತು, ಆ ಷರತ್ತು ಈಗಿಲ್ಲ ಅಂತಿದಾರಂತೆ. ಮುಗಿದ್ಮೇಲೂ ಒಂದು ವರ್ಷದ ಮೇಲೆ ಅದೇ ಬಾಡಿಗೆ ತಗೊಂಡಿದಾರಲ್ಲ? 1882ರ ಆಸ್ತಿ ವರ್ಗಾವಣೆ ಕಾಯ್ದೆ 116ನೇ ಸೆಕ್ಷನ್ ಪ್ರಕಾರ ಹಾಗೆ ಬಾಡಿಗೆ ತಗೋತಾ ಹೋದ್ರೆ ಬಾಡಿಗೆ ಕರಾರು ತಿಂಗಳಿಂದ ತಿಂಗಳಿಗೆ ಮುಂದುವರಿದ ಹಾಗೆ, ಹಳೇ ಷರತ್ತುಗಳ ಜೊತೆಗೇ. ಅಡ್ವಾನ್ಸ್ ಇಟ್ಕೊಳ್ಳೋಕೆ ಅಗ್ರಿಮೆಂಟ್ ಬೇಕು, ಪೇಂಟಿಂಗ್ ಲೆಕ್ಕಕ್ಕೆ ಬೇಡ ಅಂದ್ರೆ ಹೇಗೆ!

ಇನ್ನು ತೂತು. ಪೇಂಟ್ ಹೊಡೆಯೋ ಮುಂಚೆ ಪುಟ್ಟಿ ತುಂಬೋದು ಪೇಂಟರ್ ಕೆಲಸದಲ್ಲೇ ಬರುತ್ತೆ, ಅದಕ್ಕೆ ಬೇರೆ ದುಡ್ಡು ಅಂದ್ರೆ ಒಂದೇ ಕೆಲಸಕ್ಕೆ ಎರಡು ಬಿಲ್. ಮಗು ಕ್ರೇಯಾನ್ ಗೀಚಿದ್ದಕ್ಕೂ ಅದೇ ಮಾತು. ಕ್ಲೀನಿಂಗ್ ವಿಷಯದಲ್ಲಿ ನೀವು ಗುಡಿಸಿ ಒರೆಸಿ ಕೀ ಕೊಟ್ಟಿದೀರಿ, ವಿಡಿಯೋನೂ ಇದೆ, ಮುಗೀತು.

ಗೀಸರ್ ಬಗ್ಗೆ ಅದೇ ಕಾಯ್ದೆಯ 108ನೇ ಸೆಕ್ಷನ್ ನೋಡಿ: ಅಗ್ರಿಮೆಂಟಲ್ಲಿ ಬೇರೆ ಬರೆದಿಲ್ಲ ಅಂದ್ರೆ ಮನೆ ಕೊಟ್ಟಾಗ ಹೇಗಿತ್ತೋ ಹಾಗೇ ವಾಪಸ್ ಕೊಡ್ಬೇಕು, ವಾಡಿಕೆ ಬಳಕೆಯಲ್ಲಿ ಸವೆದಿದ್ದನ್ನ ಬಿಟ್ಟು. ನೀವು ಬರೋಕೆ ಮುಂಚೆಯಿಂದ ಇದ್ದ ಗೀಸರ್, ಬೋರ್‌ವೆಲ್ ಗಡಸು ನೀರಿಗೆ ಟ್ಯಾಂಕ್ ತುಕ್ಕು ಹಿಡಿದು ಸೋರಿದ್ರೆ ಅದು ಸವೆತಾನೇ. ನಿಮ್ಮ ತಮ್ಮ ವಾಟ್ಸಾಪಲ್ಲಿ ಕಳ್ಸಿರೋ 2021ರ ಮಾದರಿ ಬಾಡಿಗೆ ಕಾಯ್ದೆ ಮಾತ್ರ ಓನರ್ಗೆ ತೋರ್ಸೋಕೆ ಹೋಗ್ಬೇಡಿ, ಅದು ರಾಜ್ಯಗಳು ಒಪ್ಕೊಂಡು ಕಾನೂನು ಮಾಡಿದ್ರೆ ಮಾತ್ರ ಜಾರಿಗೆ ಬರೋದು. ಅದರಲ್ಲಿ ಸುಣ್ಣಬಣ್ಣ ಓನರ್ ಪಾಲಿಗೆ ಇದೆ ಅಂತ ನಿಮ್ಮ ತಮ್ಮ ಖುಷಿಪಟ್ಟಿದಾರೆ, ಗೀಸರ್ ರಿಪೇರಿ ಬಾಡಿಗೆಯವರ ಪಾಲಿಗಿದೆ ಅನ್ನೋ ಸಾಲು ಓದಿದ ಹಾಗಿಲ್ಲ.

ಹಾಗಾಗಿ ನೀವು ಕೊಡ್ಬೇಕಾಗಿದ್ದು 24,000, ವಾಪಸ್ ಕೇಳ್ಬೇಕಾಗಿರೋದು 39,700. ಇದನ್ನೇ ಒಂದು ಹಾಳೆಲಿ ಐಟಂ ಐಟಂ ಬರ್ದು, ಬಿಲ್ ಕಾಪಿ ಕೇಳಿ, ಹದಿನೈದು ದಿನ ಗಡುವು ಕೊಟ್ಟು ವಾಟ್ಸಾಪಲ್ಲೂ ಕಳ್ಸಿ, ಸ್ಪೀಡ್ ಪೋಸ್ಟಲ್ಲೂ ಕಳ್ಸಿ. ಬೈಬೇಡಿ, ಆ ಪತ್ರ ಮುಂದೆ ಜಡ್ಜ್ ಕೈಗೂ ಹೋಗ್ಬಹುದು.

ಪೊಲೀಸ್ ಸ್ಟೇಷನ್ಗೆ ಹೋದ್ರೆ ಸಿವಿಲ್ ಮ್ಯಾಟರ್ ಅಂತ ವಾಪಸ್ ಕಳಿಸ್ತಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಲ್ಲಿ ತಿಂಗಳಿಗೆ 3,500 ದಾಟಿದ ಮನೆಗೆ ಅನ್ವಯ ಆಗಲ್ಲ, ಆ ದಾರೀನೂ ಇಲ್ಲ. ಓನರ್ ಬಗ್ಗದಿದ್ರೆ ಲಾಯರ್ ಹುಡುಕೋ ಮುಂಚೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಹಾಕಿ, ಕೇಸ್ ಹಾಕೋಕೆ ಮುಂಚೇನೇ ಎರಡೂ ಕಡೆಯವರನ್ನ ಕರೆಸಿ ರಾಜಿ ಮಾಡ್ಸೋ ವ್ಯವಸ್ಥೆ ಅಲ್ಲಿದೆ, ಹೆಂಗಸರಿಗೆ ಆದಾಯ ಎಷ್ಟೇ ಇದ್ರೂ ಉಚಿತ ಕಾನೂನು ನೆರವೂ ಸಿಗುತ್ತೆ. ಲೋಕ ಅದಾಲತ್ನಲ್ಲಿ ರಾಜಿ ಆಯ್ತು ಅಂದ್ರೆ ಅದಕ್ಕೆ ಕೋರ್ಟ್ ಡಿಕ್ರಿಯಷ್ಟೇ ಬೆಲೆ, ಆಮೇಲೆ ಅಪೀಲ್ ಇಲ್ಲ. ಕೋರ್ಟ್ ಕೊನೇ ಮೆಟ್ಟಿಲು, ದಾವೆ ಹಾಕೋಕೆ ಮೂರು ವರ್ಷ ಟೈಮಿದೆ.

ಅಕೌಂಟಿಗೆ ಬಂದ 86,300 ವಾಪಸ್ ಕಳ್ಸೋದೇನೂ ಬೇಡ. ಆದ್ರೆ ಓನರ್ ಅಗ್ರಿಮೆಂಟ್ ಹಿಂದುಗಡೆ "ಪೂರ್ತಿ ಲೆಕ್ಕ ಚುಕ್ತಾ" ಅಂತ ಬರ್ದಿಟ್ಕೊಂಡು ಸೈನಿಗೆ ಕರೀತಿದಾರೆ ಅಂದ್ರಲ್ಲ, ಆ ಸೈನ್ ಹಾಕ್ಬೇಡಿ. ಹಾಕ್ಲೇಬೇಕು ಅಂತ ಕೂತ್ರೆ, ಆ ಸಾಲು ಹೊಡೆದು ಹಾಕ್ಸಿ, "86,300 ಬಂದಿದೆ, 39,700 ಬಾಕಿ ಬಗ್ಗೆ ತಕರಾರಿದೆ" ಅಂತ ನಿಮ್ಮ ಕೈಯಲ್ಲೇ ಬರ್ದು, ತಾರೀಖು ಹಾಕಿ, ಫೋಟೋ ತಗೊಂಡು ಬನ್ನಿ.