ಬೇಸ್‌ಮೆಂಟಿನಿಂದ ಹೋದ ಡಬ್ಬಿ

ಪ್ರಶ್ನೆ: ನಾನು ಹಾಸನದವಳು. ಗಂಡ ಹುಟ್ಟಿ ಬೆಳೆದದ್ದು ಅಮೆರಿಕದಲ್ಲೇ, 46 ವರ್ಷ. ನ್ಯೂಜೆರ್ಸಿಯ ನಮ್ಮ ಮನೆಯ ಬೇಸ್‌ಮೆಂಟ್ ತುಂಬಾ ಅವರು ಚಿಕ್ಕಂದಿನಲ್ಲಿ ಆಡಿದ ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳು, ಮಡಚಿದರೆ ಕಾರೋ ಲಾರಿಯೋ ಆಗುವ ರೋಬೋಟುಗಳು. ಈಗ ಆರು ವರ್ಷದ ಮಗನಿಗೂ ಕಾರ್ಟೂನ್ ತೋರಿಸಿ, ಕಂಡ ರೋಬೋಟನ್ನೆಲ್ಲ ಕೊಡಿಸುತ್ತಾರೆ. ದುಡ್ಡು ದಂಡ ಅಂತ ದಿನಾ ಜಗಳ. ಹೋದ ವಾರ ಸಿಟ್ಟಿನಲ್ಲಿ ಒಂದು ಹಳೇ ಡಬ್ಬಿಯನ್ನು ದಾನದ ಅಂಗಡಿಗೆ ಕೊಟ್ಟುಬಿಟ್ಟೆ. ಅವರಿಗೆ ಗೊತ್ತಿಲ್ಲ. ಹೇಳಲೋ ಬೇಡವೋ?

ಉತ್ತರ: ಹೇಳಿ. ಇವತ್ತೇ. ಅವರೇ ಕೆಳಗಿಳಿದು ಖಾಲಿ ಜಾಗ ನೋಡುವ ಮೊದಲು.

ನಿಮ್ಮ ಸಿಟ್ಟಿಗೆ ಕಾರಣ ಇಲ್ಲ ಅಂತಲ್ಲ. 1969ರಲ್ಲಿ ಅಲ್ಲಿ ಹಾಟ್ ವೀಲ್ಸ್ ಆಟಿಕೆ ಕಾರುಗಳ ಹೆಸರಲ್ಲಿ ಒಂದು ಕಾರ್ಟೂನ್ ಬಂದಾಗ, ಇದು ಅರ್ಧ ಗಂಟೆಯ ಜಾಹೀರಾತು ಎಂದು ದೂರು ಹೋಯಿತು. (ದೂರು ಕೊಟ್ಟದ್ದು ಇನ್ನೊಂದು ಆಟಿಕೆ ಕಂಪನಿ!) ಪ್ರಸಾರ ನಿಯಂತ್ರಿಸುವ ಎಫ್‌ಸಿಸಿ ಆಗ ಆಕ್ಷೇಪಿಸಿತು. 1980ರ ದಶಕದಲ್ಲಿ, ರೇಗನ್ ಅಮೆರಿಕದ ಅಧ್ಯಕ್ಷರಾಗಿದ್ದ ಕಾಲಕ್ಕೆ ಗಾಳಿ ತಿರುಗಿತು. ಎಫ್‌ಸಿಸಿ ಅಧ್ಯಕ್ಷ ಮಾರ್ಕ್ ಫೌಲರ್‌ಗೆ ಟಿವಿ ಅಂದರೆ ಚಿತ್ರ ಬರುವ ಟೋಸ್ಟರ್, ಮನೆಯ ಇನ್ನೊಂದು ಯಂತ್ರ, ಅಷ್ಟೇ. 1984ರಲ್ಲಿ ಟಿವಿಯಲ್ಲಿ ಎಷ್ಟು ಹೊತ್ತು ಜಾಹೀರಾತು ಹಾಕಬಹುದು ಎಂಬ ಮಿತಿಯನ್ನೇ ತೆಗೆದುಹಾಕಿದರು. ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನ್ ಶುರುವಾದದ್ದೂ ಅದೇ ವರ್ಷ. ಆಟಿಕೆ ಜಪಾನಿನದು, ಕಥೆ ಆಮೇಲೆ ಹೊಸೆದದ್ದು. 1986ರ ಸಿನಿಮಾದಲ್ಲಿ ನಾಯಕ ಆಪ್ಟಿಮಸ್ ಪ್ರೈಮ್‌ನನ್ನೇ ಕೊಂದುಬಿಟ್ಟರು. ಯಾಕೆ? ಹೊಸ ಆಟಿಕೆಗಳಿಗೆ ಜಾಗ ಬೇಕಿತ್ತು. ಥಿಯೇಟರಿನಲ್ಲಿ ಮಕ್ಕಳು ಅತ್ತರು. ನಿಮ್ಮವರು ಆಗಿನ್ನೂ ಚಿಕ್ಕ ಹುಡುಗ. ಕೇಳಿ ನೋಡಿ, ನೆನಪಿರಬಹುದು.

ಕೇಳಿ ಅಂದೆ, ಇದನ್ನೆಲ್ಲ ಅವರ ತಲೆಗೆ ಕುಟ್ಟಿ ಅನ್ನಲಿಲ್ಲ. ಜಾತ್ರೆಯಲ್ಲಿ ಪೀಪಿ ಮಾರುವವನು ಮಕ್ಕಳ ಕಿವಿ ಹತ್ತಿರವೇ ಬಂದು ಊದುತ್ತಾನೆ. ವ್ಯಾಪಾರ ಅವನದು. ಮನೆಗೆ ತಂದು ಊದಿದ ಖುಷಿ ಮಗುವಿನದೇ ಅಲ್ವಾ? ನೀವು ಕೊಟ್ಟು ಬಂದದ್ದು ಆ ಖುಷಿಯನ್ನು.

ಮಗನ ವಿಷಯಕ್ಕೆ ಬರೋಣ. 1990ರ ಕಾನೂನು ಮಕ್ಕಳ ಕಾರ್ಯಕ್ರಮದಲ್ಲಿ ಗಂಟೆಗೆ 12 ನಿಮಿಷ, ಶನಿವಾರ ಭಾನುವಾರ ಹತ್ತೂವರೆ ನಿಮಿಷ ಮಾತ್ರ ಜಾಹೀರಾತು ಎಂದಿತು. ಆದರೆ ನಡುವೆ ಅದೇ ಆಟಿಕೆಯ ಜಾಹೀರಾತು ಬರದಿದ್ದರೆ ಆಯಿತು, ಕಾರ್ಟೂನೇ ಜಾಹೀರಾತಾಗಿದ್ದರೂ ನಡೆಯುತ್ತದೆ. ಯೂಟ್ಯೂಬಿಗೆ ಆ ಕಾನೂನೂ ಇಲ್ಲ. ಹಾಗಾಗಿ ಮಗನ ಪಕ್ಕ ಕೂತು ನೋಡುವ ಕೆಲಸವನ್ನು ಗಂಡನಿಗೇ ವಹಿಸಿ. ಹೊಸ ರೋಬೋಟ್ ಬಂದಾಗಲೆಲ್ಲ "ಇದು ಅಂಗಡಿಗೆ ಯಾವಾಗ ಬರುತ್ತೆ ಹೇಳು?" ಅಂತ ಕೇಳಲಿ. ನಾಲ್ಕು ಸಲ ಆದ ಮೇಲೆ ಹುಡುಗನೇ ಮೊದಲು ಹೇಳುತ್ತಾನೆ. ಹೊಸದು ಹುಟ್ಟುಹಬ್ಬಕ್ಕೆ ಒಂದು. ಮಿಕ್ಕ ದಿನ ಬೇಸ್‌ಮೆಂಟಿನ ಹಳೆಯವನ್ನೇ ಅಪ್ಪ ಮಗ ಇಬ್ಬರೂ ಆಡಲಿ. ನೋಡಿ, ಅದಕ್ಕೇ ಆ ಡಬ್ಬಿ ಬೇಕಿತ್ತು.

ಮೊದಲು ಆ ಅಂಗಡಿಗೆ ಫೋನ್ ಮಾಡಿ. ಡಬ್ಬಿ ಇನ್ನೂ ಹಿಂದಿನ ಕೋಣೆಯಲ್ಲೇ ಇದ್ದರೂ ಇರಬಹುದು. ಸಿಗದಿದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ, ಕ್ಷಮೆ ಕೇಳಿ. ದುಡ್ಡಿನ ಲೆಕ್ಕ ಮಾತ್ರ ಆ ಸಂಜೆ ತೆಗೆಯಬೇಡಿ.